ಮದ್ದಿನ ಕೊಂಬಿಗೆ ಸರಪಳಿ ಹೆಣೆದವಳು

ಸರಪಳಿ ಎಂದ ಕೂಡಲೇ ಜನಕ್ಕೆ ನಾಯಿ ನೆನಪಾಗುತ್ತದೆ, ಇಲ್ಲವೇ ಜೈಲು. ಮದುವೆಯಾಗಿ ಹರಿಹರಕ್ಕೆ ಬಂದಾಗಿನಿಂದ ಕಣ್ಣಿಗೆ ಪೊರೆ ಬರುವವರೆಗೆ ನಾನು ಮಾಡಿದ್ದು ಆ ಸರಪಳಿಯಲ್ಲ. ಕೇಪಿನ ಕೋವಿಯ ಸಣ್ಣಪುಟ್ಟ ಸರಂಜಾಮುಗಳಿಗೆ ಬೇಕಾದ ಹಿತ್ತಾಳೆ ಸರಪಳಿ. ಕೇಪಿನ ಕೋವಿ ಎಂದರೆ ತೋಟಾ ಹಾಕುವ ಬಂದೂಕಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿದು, ಹಿಂದೆ ಕೇಪು ಸಿಡಿಸಿ ಹೊಡೆಯುವ ಹಳೆಯ ಕೋವಿ. ಅದನ್ನು ಇಟ್ಟುಕೊಂಡವನ ಹೆಗಲಿಗೆ ಮದ್ದು ತುಂಬಿಡುವ ಕೊಂಬು ಬೇಕು, ಸೊಂಟದಲ್ಲಿ ಮದ್ದು ಅಳೆಯುವ ಬಟ್ಟಲು ಬೇಕು, ಕಿಡಿ ಇಳಿಯುವ ಕಿಂಡಿ ಕಟ್ಟಿಕೊಂಡರೆ ಚುಚ್ಚಿ ಬಿಡಿಸಲು ಸೂಜಿ ಬೇಕು, ಮಸಿ ಒರೆಸಲು ಗಿಡ್ಡ ಕುಂಚ ಬೇಕು. ಇವನ್ನೆಲ್ಲ ಸರಪಳಿಗೆ ಕಟ್ಟಿರದಿದ್ದರೆ, ಹೊಲದ ಹುಲ್ಲಿನಲ್ಲಿ ಬಿದ್ದ ಸೂಜಿಯನ್ನು ಹುಡುಕುತ್ತ ಕೂರಬೇಕಾಗುತ್ತದೆ, ಅಷ್ಟರಲ್ಲಿ ಹಂದಿ ಬಂದು ಮೆಕ್ಕೆಜೋಳ ಮುಗಿಸಿ ಹೋಗಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗಿಯರು 'ಅಜ್ಜೀ, ನಿಮ್ಮ ಅನುಭವ ಹೇಳ್ರಿ' ಎಂದು ಕೇಳುತ್ತಿದ್ದಾರೆ. ಹೇಳುತ್ತೇನೆ. ಆದರೆ ಸಿಹಿಸಿಹಿಯಾಗಿ ಹೇಳಲು ನನಗೆ ಬರುವುದಿಲ್ಲ. ಲೋಕಿಕೆರೆಯ ಹಾಲಮ್ಮಕ್ಕ ನನ್ನ ಕೈಗೆ ಕೊಟ್ಟ ಒಂದು ಸರಪಳಿ ಹಿಂದಕ್ಕೆ ಹೋಗಲಿಲ್ಲ. ನನ್ನ ಕೆಲಸ ಮುಗಿದದ್ದು ಅಲ್ಲಿಗೇ. ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರೆ ಅದು ಅನುಭವವಲ್ಲ, ಬಣ್ಣ ಬಳಿದ ಮಾತು.

ನನಗೆ ಕೆಲಸ ಕಲಿಸಿದವರು ನನ್ನ ಮಾವ. ದೇವಸ್ಥಾನ, ದರ್ಗಾಗಳ ತೂಗುದೀಪಗಳಿಗೂ ಕೋವಿಯ ಸರಂಜಾಮಿಗೂ ಸರಪಳಿ ಮಾಡುತ್ತಿದ್ದ ಮನೆತನ. ಅವರ ಗಂಡುಮಕ್ಕಳು, ನನ್ನ ಗಂಡನೂ ಸೇರಿದಂತೆ, ಒಂದು ಕಡೆ ಕೂರುವವರಲ್ಲ. ಮಾವ ಬೇಸತ್ತು ಇಕ್ಕಳವನ್ನು ನನ್ನ ಮುಂದೆ ಇಟ್ಟರು. ತಂತಿಯನ್ನು ಕಾಸಿ ಮೆದು ಮಾಡುವುದು, ಸಲಾಕೆಗೆ ಸುತ್ತುವುದು, ಸುರುಳಿಯನ್ನು ಕತ್ತರಿಸಿ ಒಂದೊಂದು ಕೊಂಡಿಯಾಗುವ ಬಳೆ ಬಿಡಿಸುವುದು. ಬಳೆಯನ್ನು ಅಗಲಕ್ಕೆ ಎಳೆದು ತೆರೆದರೆ ಬೈಗುಳ ತಿನ್ನಬೇಕಿತ್ತು. 'ಬಾಗಿಲು ತೆಗ್ದಂಗೆ ಪಕ್ಕಕ್ಕೆ ತಿರುವ್ ಬೇಟಾ, ಅದರ ಬಾಯಿ ಹರೀಬ್ಯಾಡ' ಎನ್ನುತ್ತಿದ್ದರು. ಅಗಲಕ್ಕೆ ಎಳೆದ ಬಳೆ ಮತ್ತೆಂದೂ ದುಂಡಗೆ ಮುಚ್ಚುವುದಿಲ್ಲ. ಇಷ್ಟು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಮಾವ ತೀರಿಕೊಂಡ ಮೇಲೆ ದಾವಣಗೆರೆಯ ಹಳೇ ಪೇಟೆಯಲ್ಲಿ ರುದ್ರೇಶಪ್ಪ ಸಾಹುಕಾರರ ಅಂಗಡಿ ಹಿಂದಿನ ಕಾರ್ಖಾನೆಗೆ ಸೇರಿದೆ. ಕಾರ್ಖಾನೆ ಎಂದರೆ ತಗಡಿನ ಚಾವಣಿ, ಒಂದು ಒಲೆ, ಎರಡು ಮಣೆ. ಮುಂದುಗಡೆ ಲೈಸೆನ್ಸಿನ ಕೋವಿಗಳ ರಿಪೇರಿ ಮತ್ತು ವ್ಯಾಪಾರ. ಹರಿಹರದಿಂದ ದಿನಾ ಬಸ್ಸು. ಬಂದ ಗಿರಾಕಿ ನನ್ನನ್ನು ದಾಟಿ ಒಳಗೆ ಇಣುಕಿ ಕೇಳುತ್ತಿದ್ದ: 'ಉಸ್ತಾದ್ ಎಲ್ಲಿ?' ನನ್ನ ಕೈಯಲ್ಲಿ ಇಕ್ಕಳ ಇದೆ, ಮಡಿಲಲ್ಲಿ ಸರಪಳಿ ಇದೆ, ಮುಖದ ಮೇಲೆ ಮಸಿ ಇದೆ. ಆದರೂ ಉಸ್ತಾದ್ ಎಲ್ಲಿ! 'ಉಸ್ತಾದ್ ಮಣ್ಣಾಗ ಮಲಗ್ಯಾರ, ಏನ್ ಬೇಕು ನನಗ್ ಹೇಳ್ರಿ' ಎನ್ನುತ್ತಿದ್ದೆ. ಕೆಲವರು ಆಗಲೂ ಸಾಹುಕಾರರ ಕಡೆಗೇ ತಿರುಗುತ್ತಿದ್ದರು. ಹುಡುಗಿಯರೇ, ನಿಮಗೂ ಇದು ತಪ್ಪಿದ್ದಲ್ಲ. ಆಗ ನಗುತ್ತ ಕೂರಬೇಡಿ.

ಚುನಾವಣೆ ಬಂದರೆ ನಮಗೆ ಸುಗ್ಗಿ. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಹೋಗುವಾಗ ಕೋವಿಗೆ ನೇತುಬಿದ್ದಿದ್ದ ಸೂಜಿ ಸರಪಳಿ ಬರುವಾಗ ಎಲ್ಲೋ ಉದುರಿರುತ್ತಿತ್ತು. ರೈತರು ಸಾಲುಗಟ್ಟಿ ಬರುತ್ತಿದ್ದರು. ಅಂಥ ಒಂದು ಸುಗ್ಗಿಯಲ್ಲೇ ಸಾಹುಕಾರರ ತಲೆಗೆ ರೆಡಿಮೇಡ್ ಸುರುಳಿಯ ಹುಚ್ಚು ಹತ್ತಿದ್ದು. ಹೊರಗಿನಿಂದ ಮಿಷನ್ ಸರಪಳಿ ತರಿಸಿ, ತುಂಡು ಮಾಡಿ, ನನಗೆ ಹೇಳದೆ ಮುಂದಿನ ಕೌಂಟರಿನಲ್ಲೇ ಮಾರಿಬಿಟ್ಟಿದ್ದಾರೆ. ಕೊಂಡಜ್ಜಿಯ ರೈತನೊಬ್ಬ ಮುಂಗಾರು ಕಳೆದ ಮೇಲೆ ಬಂದು ಅದನ್ನು ನನ್ನ ಮುಂದೆ ಎಸೆದ.

'ಏನಮ್ಮಾ, ಹಿತ್ತಾಳಿ ಅಂತ ಕೊಟ್ರಿ. ಹಿತ್ತಾಳಿ ತುಕ್ಕು ಹಿಡಿತೈತೇನು?'

ನೋಡಿದರೆ ಕಬ್ಬಿಣ! ಮೇಲೆ ಹಳದಿ ಬಣ್ಣದ ಲೇಪ. ಕಬ್ಬಿಣಕ್ಕೆ ಕಲ್ಲು ತಾಗಿದರೆ ಕಿಡಿ ಹಾರುತ್ತದೆ ಎಂದು ಮಕ್ಕಳಿಗೂ ಗೊತ್ತು. ಅದಕ್ಕೇ ಮದ್ದಿನ ಪಕ್ಕ ಕಬ್ಬಿಣ ಕಟ್ಟಬಾರದು ಎಂದು ಮಾವ ಬಡಿದುಕೊಂಡದ್ದು. ಗಿರಾಕಿಗಳ ಎದುರಿಗೇ ಕೇಳಿದೆ: 'ಸಾವ್ಕಾರ್ರೇ, ಮದ್ದು ಕಟ್ಕಂಡು ಹೊಲದಾಗ ಕುಂದ್ರೋ ಮನುಷ್ಯಾಗ ಇದನ್ನ ಕೊಟ್ಟೀರಲ್ಲ, ಹೊಟ್ಟಿಗೆ ಅನ್ನಾನ ತಿಂತೀರೋ ಇನ್ನೇನರ ತಿಂತೀರೋ?'

'ಮೆಲ್ಲಕ ಮಾತಾಡವ್ವ. ಜನ ಕಮ್ಮಿ ರೇಟಿಂದು ಕೇಳ್ತಾರ, ಏನ್ ಮಾಡಾದು?' ಎಂದರು. ಉಳಿದ ಸುರುಳಿಯನ್ನು ಎತ್ತಿಕೊಂಡು ಹೋಗಿ ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನ ಗಾಡಿಗೆ ಹಾಕಿ ಬಂದೆ. ಸಾಹುಕಾರರು ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಕೆಲಸ ಮಾತ್ರ ಬಿಡಿಸಲಿಲ್ಲ, ಹೆಣೆಯುವವರು ಬೇರೆ ಯಾರಿದ್ದರು?

ಸಿನಿಮಾದವರ ಕಥೆ ಇನ್ನೊಂದು. ರಾಜರ ಕಾಲದ ಚಿತ್ರವಂತೆ, ನಾಯಕನ ಮದ್ದಿನ ಕೊಂಬಿಗೆ ಸರಪಳಿ ಬೇಕಂತೆ. ಒಳ್ಳೆಯ ಒತ್ತಾದ ಹೆಣಿಗೆ ಮಾಡಿಕೊಟ್ಟೆ. ಅವರ ಕಡೆಯಿಂದ ಬಂದ ಹುಡುಗ ಕಿವಿ ಹತ್ತಿರ ಅಲ್ಲಾಡಿಸಿ, 'ಸೌಂಡೇ ಬರಲ್ವಲ್ಲ ಮೇಡಂ! ಹೀರೋ ನಡೆದು ಬಂದ್ರೆ ಝಣ್ ಅನ್ಬೇಕು' ಎಂದ. ಅಲ್ಲಪ್ಪಾ, ಹಂದಿ ಕಾಯುವವನ ಮೈಮೇಲೆ ಝಣ್ ಎಂದರೆ ಹಂದಿ ಓಡಿಹೋಗುತ್ತದೆ. ಸದ್ದು ಬಾರದಂತೆ ಹೆಣೆಯುವುದೇ ನಮ್ಮ ಕಸುಬು. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಎತ್ತಿನ ಕೊರಳಿನ ಗೆಜ್ಜೆ ಸರ ಕೊಂಡುಕೊಂಡು ಹೋದ. ಚಿತ್ರ ನಾನು ನೋಡಲಿಲ್ಲ, ನೋಡಿದವರು ಸದ್ದು ಚೆನ್ನಾಗಿತ್ತು ಎಂದರು.

ಇಂಥವಕ್ಕೆಲ್ಲ ಕೂಗಾಡಿ ಮರೆತುಬಿಡುತ್ತಿದ್ದೆ. ಮರೆಯಲಾಗದ್ದು ವಿಕ್ರಮನ ವ್ಯವಹಾರ. ಬೆಂಗಳೂರಿನ ದಲ್ಲಾಳಿ. ಪರದೇಶದಲ್ಲಿ ಹಳೆಯ ಕಾಲದ ಉಡುಪು ಹಾಕಿಕೊಂಡು ಹಳೆಯ ಕೋವಿಯಿಂದ ಗುರಿ ಹೊಡೆಯುವ ಆಟ ಆಡುವವರು ಇದ್ದಾರಂತೆ. ಅವರಿಗೆ ಕೊಂಬು, ಸರಪಳಿ, ಸೂಜಿ ಕಳಿಸುತ್ತಿದ್ದ. ಒಂದು ದಿನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಸಾಧಾರಣ ಕೊಂಡಿ ಸರಪಳಿಯಲ್ಲ. ಬೆಸೆದ ಬಳೆಯನ್ನು ಉದ್ದಕ್ಕೆ ಅಮುಕಿ, ಮಡಿಸಿ, ಅದರ ಎರಡು ತುದಿಯೊಳಗಿಂದ ಮುಂದಿನದನ್ನು ಪೋಣಿಸುತ್ತ ಹೋಗುವ ಹೆಣಿಗೆ. ಹೆಣ್ಣುಮಕ್ಕಳ ಜಡೆಯಂತೆ ಕಾಣುತ್ತದೆ, ನಮ್ಮ ಮಾವ ಜಡೆ ಸರಪಳಿ ಎನ್ನುತ್ತಿದ್ದರು.

'ಮಾದರಿ ಸಿಕ್ಕಿದ್ರೆ ಮಾಡ್ತೀರಾ ಆಂಟಿ? ನಿಜವಾದ ಹಳೇದು ಒಂದು ಕೈಗೆ ಸಿಗಬೇಕು' ಎಂದ.

ಅಂಥದ್ದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಲೋಕಿಕೆರೆಯ ಹಾಲಮ್ಮಕ್ಕನ ಮನೆಯಲ್ಲಿ. ಅವಳ ಗಂಡ ತೀರಿಕೊಂಡ ಮೇಲೆ ಕೋವಿಯನ್ನು ನಮ್ಮ ಅಂಗಡಿಗೇ ಒಪ್ಪಿಸಿದ್ದರು, ಕೊಂಬು ಸರಪಳಿ ಮಾತ್ರ ಮನೆಯಲ್ಲಿ ಉಳಿದಿತ್ತು. ಅವಳ ಮಾವನ ತಂದೆಯ ಕಾಲದ್ದು. ಮಾರ್ನಮಿಯ ಆಯುಧ ಪೂಜೆಗೆ ಕುಡುಗೋಲು, ಕುಂಟೆ, ಟ್ರ್ಯಾಕ್ಟರಿನ ಬೀಗದ ಕೈ ಎಲ್ಲದರ ನಡುವೆ ಅದನ್ನೂ ಇಟ್ಟು ವಿಭೂತಿ ಹಚ್ಚುತ್ತಿದ್ದಳು. ಕೊಂಬಿನ ಮುಚ್ಚಳ ಸರಿಮಾಡಿಕೊಟ್ಟಂದಿನಿಂದ ಪ್ರತಿ ವರ್ಷ ಆ ದಿನ ನನಗೆ ಅವಳ ಮನೆಯಲ್ಲೇ ಊಟ.

ಸಾಹುಕಾರರನ್ನು ಕರೆದುಕೊಂಡು ಹೋಗಿ ಕೇಳಿದೆ. ಹಾಲಮ್ಮಕ್ಕ ಸಾಹುಕಾರರ ಎದುರಿಗೇ ಹೇಳಿದಳು: 'ಇವರ ಕೈಯಾಗ ಕೊಡಂಗಿಲ್ಲ. ನಾಳಿ ಬಾ, ನಿನ್ನ ಕೈಯಾಗ ಕೊಡ್ತೀನಿ ತಂಗಿ. ನಮ್ಮ ಮನಿಯವರ ಹೆಗಲ ಮ್ಯಾಲೆ ಇದ್ದದ್ದು ಅದು. ಮಾರ್ನಮಿ ಹೊತ್ತಿಗೆ ತಂದುಬಿಡು.'

'ನನ್ನ ಕೈಲೇ ತಂದು ಕೊಡ್ತೀನಕ್ಕ' ಎಂದೆ.

ಮರುದಿನ ತರಲು ಹೋದೆ. ತಲೆಮಾರುಗಳಿಂದ ಕೂತಿದ್ದ ಕಂದು ಬಣ್ಣವನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ಹೊಸ ಕಾಸಿನಂತೆ ಫಳಫಳ ಮಾಡಿ ಇಟ್ಟಿದ್ದಾಳೆ!

'ಅಯ್ಯೋ ಅಕ್ಕಾ, ಯಾಕ ತೊಳದಿ?'

'ಮತ್ತೆ! ಮನಿ ವಸ್ತು ಮಾಸಿದ್ದನ್ನ ಮಂದಿಗೆ ಕೊಡಾಕಾಗತ್ತೇನು? ಕೊಟ್ಟೋಳ ಮರ್ಯಾದಿ ಇರಲಿ, ತಗಂಡ್ಹೋಗೋಳ ಮರ್ಯಾದಿ ಏನಾಗಬೇಕು?'

ಅವಳಿಗೆ ಏನು ಹೇಳಲಿ? ನಮ್ಮ ಕಡೆ ಯಾವ ಮನೆಯಲ್ಲಾದರೂ ಹಾಗೇ ಮಾಡುತ್ತಾರೆ. ವಿಕ್ರಮ ಅದನ್ನು ಕೈಗೆ ತೆಗೆದುಕೊಂಡವನೇ ನಕ್ಕ. 'ಇದು ಹೊಸದು ಆಂಟಿ. ಹೇಗೆ ಹೊಳೀತಿದೆ ನೋಡಿ. ನಿಮಗೆ ಯಾರೋ ಟೋಪಿ ಹಾಕಿದಾರೆ.' ತೊಳೆದ ಕಥೆ ಹೇಳಿದೆ. ಇನ್ನೂ ಜೋರಾಗಿ ನಕ್ಕ. ಯಾರ ಮನೆಯ ವಸ್ತು, ಯಾರ ಹೆಗಲ ಮೇಲಿದ್ದದ್ದು, ಅದರ ಮುಂದೆ ಇವನು ಹಲ್ಲು ಕಿರಿಯುತ್ತಾನೆ! ಇಕ್ಕಳ ಕೈಯಲ್ಲೇ ಇತ್ತು, ಏನೋ ಪುಣ್ಯ, ತಡೆದುಕೊಂಡೆ. ಮಾದರಿ ಸರಿಯಾಗಿದೆ, ಇಂಥವೇ ಮಾಡಿಕೊಡಿ ಎಂದು ಸಾಹುಕಾರರಿಗೆ ಹೇಳಿ ಹೋದ.

ಮಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಚೆಂದದ ಕೆಲಸ ಮಾಡಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಒಂದೊಂದು ಬಳೆಯನ್ನೂ ಬೆಸೆದು, ಅಮುಕಿ, ಮಡಿಸಿ, ಪೋಣಿಸಿ, ಮರದ ಹಲಗೆಯ ತೂತಿನಿಂದ ಎಳೆದು ನೇರ ಮಾಡಿದೆ. ಹಾಲಮ್ಮಕ್ಕನದನ್ನು ಪಕ್ಕದಲ್ಲಿ ಹರಡಿಕೊಂಡು, ಅದರ ಬಳೆಗಳು ಒಂದನ್ನೊಂದು ತಿಕ್ಕಿ ಒಳಗೆ ಸವೆದು ತೆಳ್ಳಗಾಗಿದ್ದನ್ನು ನೋಡುತ್ತ ಹೆಣೆದೆ. ವಿಕ್ರಮ ಬಂದವನು ಹಿತ್ತಲಲ್ಲಿ ಬಕೆಟ್ಟಿನಲ್ಲಿ ಏನೋ ಔಷಧ ಕಲಸಿ, ಕೊಳೆತ ಮೊಟ್ಟೆಯ ನಾತ ಎಬ್ಬಿಸಿ, ನನ್ನ ಸರಪಳಿಗಳನ್ನೆಲ್ಲ ಮುಳುಗಿಸಿ ಕಪ್ಪು ಮಾಡಿದ. ಅದಕ್ಕೂ ಸುಮ್ಮನಿದ್ದೆ. ಆದರೆ ಒಂದೊಂದಕ್ಕೂ ಪುರಾತನ ವಸ್ತು ಎಂದು ಚೀಟಿ ಕಟ್ಟಲು ಶುರುಮಾಡಿದಾಗ ಎದ್ದು ನಿಂತೆ.

'ಹಳೇ ಮಾದರಿ ಅಂತ ಬರೀರಿ. ಹಳೇದು ಅಂತ ಬರೀಬ್ಯಾಡ್ರಿ. ನಿನ್ನೆ ಮೊನ್ನೆ ನನ್ನ ಕೈಯಾಗ ಹುಟ್ಟಿದ್ದು ಇವು.'

'ಕೊಳ್ಳೋರಿಗೆ ಖುಷಿಯಾಗುತ್ತೆ ಆಂಟಿ, ನಿಮಗೇನು ನಷ್ಟ?' ಎಂದ ವಿಕ್ರಮ.

ಸಾಹುಕಾರರು ಅವನ ಕಡೆಗೇ. 'ಅವರು ಏನಂತ ಮಾರ್ತಾರೋ ನಮಗ್ಯಾಕ ಜೈತುನಮ್ಮ? ನಮ್ಮ ಕೆಲ್ಸ ಮಾಡಿ ಕೊಡಾದು.'

ನೋಡಿ, ಹೊಟ್ಟೆ ಉರಿಯುವುದು ಇಲ್ಲೇ. ಹಳೆಯದನ್ನು ತಂದುಕೊಟ್ಟರೆ ಹೊಸದೆಂದು ನಗುತ್ತಾರೆ, ಹೊಸದಕ್ಕೆ ಮಸಿ ಬಳಿದರೆ ಹಳೆಯದೆಂದು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಹಳೆಯ ಮಾದರಿಯನ್ನು ಹೊಸದಾಗಿ ಮಾಡುವುದು ಮರ್ಯಾದೆಯ ಕೆಲಸ. ಅದನ್ನು ಹಳೆಯದೆಂದು ಮಾರುವುದು ಕಣ್ಣಿಗೆ ಮಣ್ಣೆರಚುವ ಕೆಲಸ. ನಮ್ಮ ಕಸುಬಿನಲ್ಲಿ ಈ ಎರಡನ್ನೂ ಒಂದೇ ಎನ್ನುವವರು ದಿನಕ್ಕೊಬ್ಬರು ಬರುತ್ತಾರೆ.

ಆ ಹೊತ್ತಿಗೆ ನನ್ನ ಕಣ್ಣು ಪೂರ್ತಿ ಮಂಜಾಗಿತ್ತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಹೋಗುವ ಮುಂಚೆ ಸಾಹುಕಾರರಿಗೆ ಹೇಳಿದೆ: 'ಹಾಲಮ್ಮಕ್ಕಂದು ನನ್ನ ಡ್ರಾಯರ್ನಾಗೈತೆ. ಯಾರೂ ಮುಟ್ಟಬ್ಯಾಡ್ರಿ. ನಾನ ಬಂದು ನನ್ನ ಕೈಲೇ ಕೊಡ್ತೀನಿ.' ಆಯ್ತು ಆಯ್ತು ಎಂದರು. ಕಣ್ಣಿಗೆ ಪಟ್ಟಿ ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದರೆ ಡ್ರಾಯರು ಖಾಲಿ.

'ಅದಾ? ಲೋಕಿಕೆರಿಗೆ ಕಳಿಸಿಕೊಟ್ಟೆ ನೋಡವ್ವ. ಆಪರೇಷನ್ ಆದೋಳು, ನಿನಗ್ಯಾಕ ಓಡಾಟ ಅಂತ' ಎಂದರು ಸಾಹುಕಾರರು. ಎಷ್ಟು ಒಳ್ಳೆಯವರು ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ!

ಮಾರ್ನಮಿ ಬಂತು. ಲೋಕಿಕೆರೆಗೆ ಹೋದೆ. ಪಡಸಾಲೆಯಲ್ಲಿ ಆಯುಧಗಳ ಸಾಲು, ಚೆಂಡು ಹೂವು, ಓಣಿಯ ಜನ. ನಡುವೆ ಮದ್ದಿನ ಕೊಂಬು, ಅದರ ಕೊರಳಿಗೆ ಫಳಫಳ ಹೊಳೆಯುವ ಸರಪಳಿ. ನಮಸ್ಕಾರ ಮಾಡಲು ಬಗ್ಗಿದವಳು ಬಗ್ಗಿದಲ್ಲೇ ನಿಂತೆ. ಅದರ ಬಳೆಗಳು ಎಲ್ಲೂ ಸವೆದಿರಲಿಲ್ಲ. ತುಂಬು ತಂತಿ, ಹೊಸ ಬೆಸುಗೆ. ನಾನು ಮಾಡಿದ ಸಾರಿನ ರುಚಿ ನನಗೆ ಗೊತ್ತಾಗದೆ ಇರುತ್ತದೆಯೇ? ಅದು ನಾನು ಹೆಣೆದದ್ದು. ಮಸಿ ತಿಕ್ಕಿ ತೆಗೆದು ಕಳಿಸಿದ್ದರು.

'ಅಕ್ಕಾ, ಇದು ನಿಂದಲ್ಲ!' ಎಂದುಬಿಟ್ಟೆ. ಧ್ವನಿ ಜೋರಾಗಿಯೇ ಬಂತು.

ಹಾಲಮ್ಮಕ್ಕ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. 'ಸುಮ್ಮನಿರು ತಂಗಿ, ಜನ ಅದಾರ. ಹಬ್ಬದ ದಿನ ಆ ಮಾತು ಬ್ಯಾಡ. ಕೂಡು, ಹೋಳಿಗಿ ಉಣ್ಣು.' ಹಬ್ಬ ಕೆಡಬಾರದು ಎಂದು ಹೇಳುತ್ತಿದ್ದಾಳೆ ಅಂದುಕೊಂಡೆ. ಹೋಳಿಗೆ ಉಂಡು ಮುಂದಿನ ಬಸ್ಸಿಗೇ ದಾವಣಗೆರೆಗೆ ಬಂದೆ.

ದೇವರಾಜ ಅರಸು ಬಡಾವಣೆಯ ಸಾಹುಕಾರರ ಮನೆಯಲ್ಲಿ ಹಬ್ಬದೂಟ ಮುಗಿದಿತ್ತು. 'ಬಾರಮ್ಮ, ಕೂಡು' ಎಂದರು. ಕೂರಲಿಲ್ಲ.

'ಹಾಲಮ್ಮಕ್ಕನ ಸರಪಳಿ ಎಲ್ಲೈತ್ರಿ?'

'ಕಳಿಸಿಕೊಟ್ಟೀನಲ್ಲ.'

'ಕಳಿಸಿದ್ದು ನನ್ನದು. ಅವರದು ಎಲ್ಲೈತೆ ಹೇಳ್ರಿ.'

ಸಾಹುಕಾರರು ಆಗ ಬಾಯಿಬಿಟ್ಟರು. ನಾನು ಆಸ್ಪತ್ರೆಯಲ್ಲಿದ್ದಾಗ ವಿಕ್ರಮ ಮತ್ತೆ ಬಂದು, ಅಳತೆಗೆಂದು ಡ್ರಾಯರಿನಿಂದ ಅದನ್ನು ತೆಗೆಸಿಕೊಂಡಿದ್ದನಂತೆ. ಅವನಿಗೇ ಫೋನು ಹಚ್ಚಿದರು, ನನಗೂ ಕೇಳುವ ಹಾಗೆ. 'ಇನ್ನೊಂದ್ ಸಲ ಕಪ್ಪು ಮಾಡುವಾಗ ಎಲ್ಲ ಒಟ್ಟಿಗೇ ಬಕೆಟ್ಟಿಗೆ ಹೋದ್ವು ಅನ್ಸುತ್ತೆ ಆಂಟಿ. ಆಮೇಲೆ ಯಾವ್ದು ಯಾವ್ದು ಅಂತ ಹೇಗ್ ಹೇಳೋದು? ಪಾರ್ಸಲ್ ಹೋಗಾಯ್ತು. ಅವರಿಗೆ ಒಂದು ಬಂದಿದೆಯಲ್ಲ, ಹೊಸದು, ಇನ್ನೂ ಗಟ್ಟಿ!' ತಿಳಿಯದೆ ಮುಳುಗಿಸಿದನೋ, ಮೊದಲ ದಿನವೇ ಅದರ ಬೆಲೆ ತಿಳಿದು ಹೊಸದೆಂದು ನಕ್ಕನೋ, ಆ ಧ್ವನಿಯಲ್ಲಿ ಏನೂ ಗೊತ್ತಾಗಲಿಲ್ಲ.

ಸಾಹುಕಾರರು ಫೋನು ಇಟ್ಟು ಮೆಲ್ಲಗೆ ಅಂದರು: 'ಆ ಹೆಣ್ಮಗಳಿಗೇನು ಗೊತ್ತಾಗಬೇಕು? ಪೂಜಿ ನಡೀತಲ್ಲ, ಬಿಡು.'

'ನನಗ ಗೊತ್ತಾಗೈತಲ್ರಿ!' ಎಂದು ಕಿರುಚಿದೆ. 'ನನ್ನ ಕೈಯಾಗ ಕೊಟ್ಟಿದ್ಳು ಆಕಿ, ನಿಮ್ಮ ಕೈಯಾಗಲ್ಲ. ನಿಮ್ಮೆದುರಿಗೇ ಹೇಳಿದ್ಳು. ಅದು ಬರಾಮಟ ನಾನು ಮಣಿ ಮುಂದ ಕೂಡಂಗಿಲ್ಲ.'

ಅದು ಬರಲಿಲ್ಲ, ನಾನು ಕೂರಲಿಲ್ಲ. ಕೆಲವು ದಿನ ಬಿಟ್ಟು ಸಾಹುಕಾರರು ಹರಿಹರದ ಮನೆಗೆ ಶಾಲು, ಹಣ್ಣಿನ ಬುಟ್ಟಿ ಹಿಡಿದು, ಫೋಟೊ ತೆಗೆಯುವವನನ್ನು ಕರೆದುಕೊಂಡು ಬಂದರು. 'ಕಣ್ಣು ಸರಿಯಿಲ್ಲ, ನಿವೃತ್ತಿ ತಗಂಡಾರ' ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಕಣ್ಣು ಸರಿಯಿಲ್ಲವಂತೆ! ಆ ಕಣ್ಣಿಗೆ ತಾನೇ ಅವರ ಕೆಲಸ ಕಂಡಿದ್ದು? ಬಾಗಿಲು ತೆಗೆಯಲಿಲ್ಲ. ಹುಡುಗಿಯರೇ, ನನ್ನಿಂದ ಕಲಿಯುವುದಾದರೆ ಹೆಣಿಗೆಗಿಂತ ಮೊದಲು ಇದನ್ನು ಕಲಿಯಿರಿ. ಮಂದಿಯ ವಸ್ತು ನಿಮ್ಮ ಕೈಗೆ ಬಂದರೆ ಮನೆಗೇ ತಂದು ಬೀಗ ಹಾಕಿ, ಮಾಲೀಕನ ಮಾತಿನ ಮೇಲೆ ಬಿಟ್ಟು ಆಸ್ಪತ್ರೆಗೂ ಹೋಗಬೇಡಿ.

ಶಾಲಿನವರು ಹೋದ ಮರುದಿನ ಲೋಕಿಕೆರೆಗೆ ಹೋದೆ. ಹಾಲಮ್ಮಕ್ಕ ಒಬ್ಬಳೇ ರೊಟ್ಟಿ ತಟ್ಟುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಬಕೆಟ್ಟು, ಪಾರ್ಸಲ್ಲು, ಫೋನು, ಶಾಲು. ಹೇಳುತ್ತ ಹೇಳುತ್ತ ಸಾಹುಕಾರರನ್ನೂ ವಿಕ್ರಮನನ್ನೂ ಬಾಯಿಗೆ ಬಂದಂತೆ ಬೈದೆ. ಅವಳು ಹಿಟ್ಟು ನಾದುತ್ತ ಕೇಳಿದಳು.

'ನನಗ ಅವತ್ತೇ ಗೊತ್ತಿತ್ತು ತಂಗಿ' ಎಂದಳು. 'ಪೊಟ್ಟಣ ಬಿಚ್ಚಿ ಕೈಯಾಗ ಹಿಡದೆ. ನಮ್ಮದು ನುಣ್ಣಗಿತ್ತು. ಇದು ಚುಚ್ಚತೈತೆ.'

'ಗೊತ್ತಿದ್ದೂ ಯಾಕ ಸುಮ್ಮನಿದ್ದಿ ಅಕ್ಕಾ? ಅವತ್ತೇ ಹೇಳಿದ್ರೆ ಪಾರ್ಸಲ್ ಆದ್ರೂ ತಡೀಬೋದಿತ್ತೇನೋ!'

ಅವಳು ನನ್ನ ಮುಖ ನೋಡದೆ ರೊಟ್ಟಿ ತಿರುವಿ ಹಾಕಿದಳು. 'ನೀನ ಇಟ್ಕಂಡಿ ಅಂತ ಮಾಡಿದ್ದೆ. ಕಣ್ಣಿನ ಆಪರೇಷನ್ ಅಂತಿದ್ದಿ. ಏನೋ ಅಡಚಣಿ ಬಂದಿರಬೇಕು, ಮಾರ್ಕಂಡಿರಬೇಕು ಅಂದ್ಕಂಡೆ. ಹಬ್ಬದ ದಿನ ನೀನ ಬಾಯಿಬಿಟ್ಟಾಗ, ಮಂದ್ಯಾಗ ಯಾಕ ಮಾನ ಕಳಕಂತಾಳೆ ಅಂತ ಒಳಗ ಕರಕಂಡೆ.'

ಇವಳು ನನ್ನನ್ನು ಕಳ್ಳಿ ಎಂದು ತಿಳಿದು, ಕ್ಷಮಿಸಿ, ಎಲೆ ಹಾಕಿ, ತುಪ್ಪ ಬಡಿಸಿದ್ದಾಳೆ. ನಾನು ಮಾಡದ ತಪ್ಪಿಗೆ! ಸಾಹುಕಾರರ ಮೇಲೆ ಬಂದಿದ್ದಕ್ಕಿಂತ ಹೆಚ್ಚಿನ ಸಿಟ್ಟು ಬಂತು, ಆದರೆ ಯಾರ ಮೇಲೆ ಹಾಕಲಿ?

'ಕಳ್ಳಿ ಅಂತ ತಿಳದೂ ಹೋಳಿಗಿ ಬಡಿಸಿದ್ಯಾ?'

'ಬಡಿಸದೇ ಏನ್ ಮಾಡ್ಲಿ? ಮನಿಗೆ ಬಂದಿದ್ದಿ.'

ಅಲ್ಲಾನ ಮೇಲೆ ಆಣೆ ಇಟ್ಟೆ. ಹೊಸದಾಗಿ ಬಂದ ಕಣ್ಣಿನ ಮೇಲೆ ಆಣೆ ಇಟ್ಟೆ. ನೀನು ನಂಬುವ ತನಕ ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಹಾಲಮ್ಮಕ್ಕ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ತಟ್ಟೆ ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ.

'ನಂಬಿದೆ ಬಿಡು ತಂಗಿ. ಉಣ್ಣು, ರೊಟ್ಟಿ ಆರತೈತೆ.'

ನಂಬಿ ಹೇಳಿದಳೋ, ನಾನು ಉಣ್ಣಲಿ ಎಂದು ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ರೊಟ್ಟಿ ಮುರಿದು ಉಂಡೆ.